ಹಳೆ ಕಾರಿನ ಒರಟು ಐಡ್ಲಿಂಗ್, ಕಪ್ಪು ಹೊಗೆ: ಮಿಕ್ಸ್ಚರ್ ಸ್ಕ್ರೂ ಮುಟ್ಟುವ ಮೊದಲು

ಹಳೆ ಕಾರು ನಿಂತಲ್ಲೇ ನಡುಗುತ್ತಿದೆ. ಸೈಲೆನ್ಸರಿನಿಂದ ಕಪ್ಪು ಹೊಗೆ, ಹಿಂದೆ ನಿಂತರೆ ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ, ಮೈಲೇಜ್ ಬಿದ್ದುಹೋಗಿದೆ. ಇಷ್ಟು ಕಂಡ ಕೂಡಲೇ ಬಹಳಷ್ಟು ಜನ ಸ್ಕ್ರೂಡ್ರೈವರ್ ಹಿಡಿದು ಕಾರ್ಬ್ಯುರೇಟರಿನ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಮಿಕ್ಸ್ಚರ್ ಸ್ಕ್ರೂ, ಅಂದರೆ ಆ ಬೆರಕೆಯ ಪ್ರಮಾಣ ಹೊಂದಿಸುವ ಸ್ಕ್ರೂ ತಿರುಗಿಸಲು ಶುರು ಮಾಡುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ, ಈಗಲೇ ಬೇಡ. ಆ ಸ್ಕ್ರೂ ತಾನಾಗಿ ತಿರುಗುವುದಿಲ್ಲ ಅಲ್ವಾ? ಮೊನ್ನೆಯವರೆಗೆ ಚೆನ್ನಾಗಿ ಓಡಿದ ಗಾಡಿ ಈಗ ರಿಚ್ ಆಗಿದೆ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ) ಅಂದರೆ ಬೇರೆ ಏನೋ ಬದಲಾಗಿದೆ. ಅದನ್ನು ಬಿಟ್ಟು ಸ್ಕ್ರೂ ತಿರುಗಿಸಿದರೆ ಮೊದಲಿನ ದೋಷವೂ ಹಾಗೇ ಉಳಿಯುತ್ತದೆ, ಸರಿಯಾಗಿದ್ದ ಸೆಟ್ಟಿಂಗೂ ಕೈತಪ್ಪುತ್ತದೆ.

ನಾನು ಹೋಗುವ ದಾರಿ ಹೀಗೆ. ಮೊದಲು ಇದು ನಿಜಕ್ಕೂ ರಿಚ್ ಹೌದೋ ಅಲ್ಲವೋ ನೋಡುತ್ತೇನೆ. ಆಮೇಲೆ ಕಿಡಿ, ಆಮೇಲೆ ಏರ್ ಲೀಕ್. ಅವೆಲ್ಲ ಸರಿ ಇದ್ದರೆ ಹೆಚ್ಚಿನ ಪೆಟ್ರೋಲ್ ಯಾವ ದಾರಿಯಿಂದ ಒಳಗೆ ಬರುತ್ತಿದೆ ಅಂತ ಹುಡುಕುತ್ತೇನೆ. ದಾರಿ ಸಿಕ್ಕರೆ ರಿಪೇರಿ ಬಹುಪಾಲು ಚಿಕ್ಕದೇ ಇರುತ್ತದೆ. ಕಷ್ಟ ಇರುವುದೆಲ್ಲ ಹುಡುಕುವುದರಲ್ಲಿ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಮುಚ್ಚಿದ ಗ್ಯಾರೇಜಿನಲ್ಲಿ ಈ ಕೆಲಸ ಬೇಡವೇ ಬೇಡ. ರಿಚ್ ಓಡುವ ಎಂಜಿನ್ ಕಾರ್ಬನ್ ಮಾನಾಕ್ಸೈಡನ್ನು ಮಾಮೂಲಿಗಿಂತ ತುಂಬಾ ಜಾಸ್ತಿ ಉಗುಳುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಯಲಿನಲ್ಲಿ ಮಾಡಿ. ಅಗ್ನಿಶಾಮಕ ಸಿಲಿಂಡರ್ ಕೈಗೆಟಕುವಂತೆ ಇರಲಿ, ಏಕೆಂದರೆ ಪೆಟ್ರೋಲ್ ತೊಟ್ಟಿಕ್ಕುವ ಕಾರ್ಬ್ಯುರೇಟರ್ ಎಷ್ಟೋ ಎಂಜಿನ್‌ಗಳಲ್ಲಿ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆಯೇ ಕೂತಿರುತ್ತದೆ.

ನಿಜಕ್ಕೂ ರಿಚ್ ಹೌದಾ?

ಪೆಟ್ರೋಲ್ ಪೂರ್ತಿ ಸುಡಬೇಕಾದರೆ 1 ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಹಳೆ ಕಾರ್ಬ್ಯುರೇಟರ್ ಗಾಡಿಗಳು ಐಡ್ಲಿಂಗಿನಲ್ಲಿ ಇದಕ್ಕಿಂತ ಸ್ವಲ್ಪ ರಿಚ್ ಆಗಿಯೇ ಇರುತ್ತವೆ, ಇಲ್ಲದಿದ್ದರೆ ಅವು ಸಮನಾಗಿ ನಿಲ್ಲುವುದಿಲ್ಲ. ಹಾಗಾಗಿ ಈಗಿನ ಕಾರಿನ ಹೊಗೆ ಮೂಸಿ ಅಭ್ಯಾಸವಾದವರಿಗೆ ಆರೋಗ್ಯವಾಗಿರುವ ಹಳೆ ಕಾರೂ ರಿಚ್ ಅನ್ನಿಸಬಹುದು. ಅನುಪಾತ 12ಕ್ಕಿಂತ ಕೆಳಗೆ ಹೋದರೆ ಮಾತ್ರ ಚಿಂತೆ ಮಾಡಿ. ಆಗ ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಇನ್ನೂ ಇಳಿದರೆ ಎಂಜಿನ್ ನಿಧಾನವಾಗಿ ಏರುತ್ತಾ ಇಳಿಯುತ್ತಾ ಓಡುತ್ತದೆ, ಹೊಗೆ ಕಪ್ಪಗಾಗುತ್ತದೆ.

ಹೊಗೆಯ ಬಣ್ಣ ನೋಡಿ. ಕಪ್ಪು ಅಂದರೆ ಪೆಟ್ರೋಲ್, ನೀಲಿ ಅಂದರೆ ಆಯಿಲ್, ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಅಂದರೆ ರೇಡಿಯೇಟರ್ ನೀರು ಒಳಗೆ ಹೋಗುತ್ತಿದೆ. ನೀಲಿ ಹೊಗೆ ಬಿಡುವ ಗಾಡಿಯ ಕಾರ್ಬ್ಯುರೇಟರ್ ಬಿಚ್ಚಿ ಪ್ರಯೋಜನವಿಲ್ಲ.

ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಒಂದು ಸಿಲಿಂಡರಿನಲ್ಲಿ ಕಿಡಿ ಬರುತ್ತಿಲ್ಲ ಅಂದುಕೊಳ್ಳಿ. ಆ ಸಿಲಿಂಡರಿಗೆ ಹೋದ ಪೆಟ್ರೋಲ್ ಸುಡದೆ ಹಾಗೇ ಸೈಲೆನ್ಸರಿನಿಂದ ಹೊರಬರುತ್ತದೆ. ಮೂಗಿಗೆ ಅದು ರಿಚ್. ಆದರೆ ಅದರ ಜೊತೆ ಸುಡದ ಆಮ್ಲಜನಕವೂ ಹೊರಬರುವುದರಿಂದ ಎಕ್ಸಾಸ್ಟಿನಲ್ಲಿ ವೈಡ್‌ಬ್ಯಾಂಡ್ ಮೀಟರ್ (ಹೊಗೆಯ ಆಮ್ಲಜನಕ ನೋಡಿ ಮಿಕ್ಸ್ಚರ್ ಹೇಳುವ ಸಾಧನ) ಹಾಕಿದವರಿಗೆ ಅದು ಲೀನ್, ಅಂದರೆ ಪೆಟ್ರೋಲ್ ಕಡಿಮೆ ಅಂತ ತೋರಿಸುತ್ತದೆ. ಮೂಗು ಒಂದು ಹೇಳಿ ಮೀಟರ್ ಇನ್ನೊಂದು ಹೇಳಿದರೆ ಮಿಕ್ಸ್ಚರ್ ಬಿಟ್ಟು ಮಿಸ್‌ಫೈರ್ ಹುಡುಕಿ.

ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಏರ್ ಫಿಲ್ಟರ್ ತೆಗೆದು, ಐಡ್ಲಿಂಗಿನಲ್ಲಿ ಕಾರ್ಬ್ಯುರೇಟರಿನ ಬಾಯಿಯನ್ನು ದಪ್ಪ ರಟ್ಟಿನ ತುಂಡಿನಿಂದ ಅರ್ಧ ಮುಚ್ಚಿ. ಎಂಜಿನ್ ಸುಧಾರಿಸಿದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿರಲಿಲ್ಲ, ಲೀನ್. ಇನ್ನೂ ಹದಗೆಟ್ಟು ನಿಂತೇ ಹೋಗುವಂತಾದರೆ ರಿಚ್. ಆಮೇಲೆ ಉಲ್ಟಾ ಪರೀಕ್ಷೆ ಮಾಡಿ. ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಕಾರ್ಬ್ಯುರೇಟರಿನಿಂದ ಸಿಲಿಂಡರುಗಳಿಗೆ ಮಿಕ್ಸ್ಚರ್ ಒಯ್ಯುವ ಭಾಗ) ಹೋಗುವ ಒಂದು ಸಣ್ಣ ವ್ಯಾಕ್ಯೂಮ್ ಪೈಪನ್ನು ಸ್ವಲ್ಪ ಎಳೆದು ಗಾಳಿ ಒಳಗೆ ಬಿಡಿ. ಆರ್‌ಪಿಎಂ ಏರಿ ಓಟ ನಯವಾದರೆ ರಿಚ್ ಅನ್ನುವುದು ಖಾತ್ರಿ. ಎರಡೂ ಪರೀಕ್ಷೆ ಒಂದೇ ಉತ್ತರ ಕೊಡಬೇಕು.

ಈಗ ಪ್ಲಗ್‌ಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಅಂತ ತಪ್ಪದಂತೆ ಸಾಲಾಗಿ ಇಡಿ. ಒಣಗಿದ ಕಪ್ಪು ಮಸಿ ಇದ್ದು ಬೆರಳಿಗೆ ಸುಲಭವಾಗಿ ಬಂದರೆ ಅದು ಪೆಟ್ರೋಲಿನದು. ಜಿಡ್ಡು ಜಿಡ್ಡಾದ ಕಪ್ಪು ಆಯಿಲಿನದು. ತಿಳಿ ಕಂದು ಸರಿಯಾದ ಬಣ್ಣ. ಬಣ್ಣಕ್ಕಿಂತ ಮುಖ್ಯ, ಯಾವ ಪ್ಲಗ್ ಕಪ್ಪಾಗಿದೆ ಅನ್ನುವುದು. ನಾಲ್ಕೂ ಒಂದೇ ತರ ಕಪ್ಪಾಗಿದ್ದರೆ ಕಾರಣ ಎಲ್ಲದಕ್ಕೂ ಸೇರಿದ ಜಾಗದಲ್ಲಿದೆ, ಅಂದರೆ ಕಾರ್ಬ್ಯುರೇಟರ್, ಚೋಕ್ (ತಣ್ಣಗಿನ ಎಂಜಿನ್‌ಗೆ ಮಿಕ್ಸ್ಚರ್ ರಿಚ್ ಮಾಡುವ ಭಾಗ), ಪಂಪ್, ಟೈಮಿಂಗ್ (ಕಿಡಿ ಹೊಡೆಯುವ ಹೊತ್ತು). ಎರಡು ಕಾರ್ಬ್ಯುರೇಟರ್ ಇರುವ ಗಾಡಿಯಲ್ಲಿ ಮುಂದಿನ ಎರಡು ಮಾತ್ರ ಕಪ್ಪಾಗಿದ್ದರೆ ಮುಂದಿನ ಕಾರ್ಬ್ಯುರೇಟರ್ ನೋಡಿ. ಒಂದೇ ಒಂದು ಕಪ್ಪಾಗಿದ್ದರೆ ಕಾರ್ಬ್ಯುರೇಟರಿನ ತಂಟೆಗೇ ಹೋಗಬೇಡಿ. ಆ ಸಿಲಿಂಡರಿನ ಪ್ಲಗ್, ಪ್ಲಗ್ ವೈರ್, ವಾಲ್ವ್, ಕಂಪ್ರೆಷನ್ ನೋಡಿ.

ಕಿಡಿ ಸರಿ ಇದೆಯಾ

ಪೆಟ್ರೋಲ್ ಸಮಸ್ಯೆ ಅಂತ ಬರುವ ಗಾಡಿಗಳಲ್ಲಿ ಬಹಳಷ್ಟು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಹತ್ತಿರವೇ ಸರಿಹೋಗುತ್ತವೆ. ಇದು ಹಳೆ ಮೆಕ್ಯಾನಿಕ್‌ಗಳೆಲ್ಲ ಹೇಳುವ ಮಾತು, ಕೈಹಾಕಿ ನೋಡಿದವರಿಗೆ ಅದು ನಿಜ ಅಂತ ಗೊತ್ತಾಗುತ್ತದೆ. ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್‌ಗಳ ಗ್ಯಾಪ್ ಹಲವು ಹಳೆ ಬ್ರಿಟಿಷ್ ಕಾರುಗಳಲ್ಲಿ 0.35ರಿಂದ 0.40 ಮಿ.ಮೀ., ಪ್ಲಗ್ ಗ್ಯಾಪ್ ಸುಮಾರು 0.6ರಿಂದ 0.7 ಮಿ.ಮೀ. ಇರುತ್ತದೆ. ನಿಮ್ಮ ಗಾಡಿಯ ಪುಸ್ತಕ ಏನು ಹೇಳುತ್ತದೋ ಅದೇ ಅಂತಿಮ. ಪಾಯಿಂಟ್ ಮೇಲೆ ಒಂದು ಕಡೆ ಗುಳಿ ಬಿದ್ದು ಇನ್ನೊಂದು ಕಡೆ ಗುಬ್ಬಿ ಎದ್ದಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ಓಡಿಸಿ ನೋಡಿ, ಹಳೆ ಪ್ಲಗ್ ವೈರ್ ಕಿಡಿ ಸೋರುತ್ತಿದ್ದರೆ ಕಣ್ಣಿಗೇ ಕಾಣುತ್ತದೆ.

ಪಾಯಿಂಟ್ ಬದಲಿಸಿದರೆ ಅಥವಾ ಗ್ಯಾಪ್ ಮುಟ್ಟಿದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಇದನ್ನು ಮರೆಯಬೇಡಿ. ಟೈಮಿಂಗ್ ಲೈಟ್ ಹಾಕಿ ನೋಡಿ. ತಡವಾದ ಟೈಮಿಂಗ್ ಐಡ್ಲಿಂಗನ್ನು ಹೇಗೆ ಕೆಡಿಸುತ್ತದೆ ಅಂತ ಮುಂದೆ ಹೇಳುತ್ತೇನೆ, ಅದು ಈ ಇಡೀ ಕಥೆಯ ದೊಡ್ಡ ಗಂಟು. ಎಂಜಿನ್ ಎಳೆತದಿಂದ ಟೈಮಿಂಗ್ ಮುಂದಕ್ಕೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ಡಬ್ಬಿಯ ಪೈಪ್ ತುದಿಗೆ ಬಾಯಿ ಇಟ್ಟು ಎಳೆದು ನಾಲಗೆಯಿಂದ ಮುಚ್ಚಿ. ಒಳಗಿನ ಪ್ಲೇಟ್ ತಿರುಗಿ ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಾಮ್ ಹರಿದಿದೆ.

ವಾಲ್ವ್ ಕ್ಲಿಯರೆನ್ಸ್, ಕಂಪ್ರೆಷನ್ ಕೂಡ ಇದೇ ಹೊತ್ತಿನಲ್ಲಿ ನೋಡಿಬಿಡಿ. ಬಿಸಿ ಎಂಜಿನ್, ಎಲ್ಲ ಪ್ಲಗ್ ಹೊರಗೆ, ಕಾಯಿಲ್ ಸಂಪರ್ಕ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಅಳೆಯಿರಿ. ಸಿಲಿಂಡರುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಯಾವ ಕಾರ್ಬ್ಯುರೇಟರೂ ಆ ಐಡ್ಲಿಂಗನ್ನು ಸರಿಮಾಡುವುದಿಲ್ಲ.

ಏರ್ ಲೀಕ್, ರಿಚ್‌ನ ಹಿಂದೆ ಅಡಗಿರುವ ಲೀನ್

ಗಾಳಿ ಸೋರಿದರೆ ಲೀನ್ ಆಗಬೇಕು, ರಿಚ್ ಸಮಸ್ಯೆಯಲ್ಲಿ ಅದಕ್ಕೇನು ಕೆಲಸ ಅಂತ ಕೇಳಬಹುದು. ಕೆಲಸ ಇದೆ. ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್ ಸೋರುತ್ತಿರುತ್ತದೆ, ಅಥವಾ ಥ್ರಾಟಲ್ ಶಾಫ್ಟ್ (ಗಾಳಿದಾರಿ ತೆರೆದು ಮುಚ್ಚುವ ಬಟರ್‌ಫ್ಲೈ ಪ್ಲೇಟ್ ತಿರುಗುವ ಕಡ್ಡಿ) ಸವೆದು ಅದರ ಸುತ್ತ ಗಾಳಿ ನುಗ್ಗುತ್ತಿರುತ್ತದೆ. ಐಡ್ಲಿಂಗ್ ಒರಟಾಗುತ್ತದೆ. ಯಾರೋ ಮಿಕ್ಸ್ಚರ್ ರಿಚ್ ಮಾಡಿ ಅದನ್ನು ಮುಚ್ಚಿಹಾಕುತ್ತಾರೆ. ಎಸ್‌ಯು (ಹಳೆ ಬ್ರಿಟಿಷ್ ಕಾರುಗಳಲ್ಲಿ ಕಾಣುವ ಒಂದು ಬಗೆ) ತರಹದ ಕಾರ್ಬ್ಯುರೇಟರಿನಲ್ಲಿ ಒಂದೇ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತು) ಎಲ್ಲ ವೇಗಕ್ಕೂ ಪೆಟ್ರೋಲ್ ಕೊಡುತ್ತದೆ. ಹಾಗಾಗಿ ಐಡ್ಲಿಂಗಿಗಾಗಿ ರಿಚ್ ಮಾಡಿದ್ದು ರಸ್ತೆಯ ಮೇಲೂ ರಿಚ್ ಆಗಿ ಉಳಿಯುತ್ತದೆ. ಎರಡು ಕಾರ್ಬ್ಯುರೇಟರ್ ಇದ್ದರಂತೂ ಒಂದರಲ್ಲಿ ಲೀಕ್, ಇನ್ನೊಂದು ಸರಿ, ಎರಡಕ್ಕೂ ಒಂದೇ ತರ ಸ್ಕ್ರೂ ತಿರುಗಿಸಿದ ಮೇಲೆ ಅರ್ಧ ಎಂಜಿನ್ ಲೀನ್, ಅರ್ಧ ರಿಚ್.

ಮ್ಯಾನಿಫೋಲ್ಡಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಮಾಮೂಲಿ ಕ್ಯಾಮ್ ಇರುವ ಆರೋಗ್ಯವಂತ ಎಂಜಿನ್ ಸಮುದ್ರಮಟ್ಟದಲ್ಲಿ ಐಡ್ಲಿಂಗಿಗೆ 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸುತ್ತದೆ, ಮುಳ್ಳು ಅಲುಗದೆ ನಿಲ್ಲುತ್ತದೆ. ಎತ್ತರದ ಊರುಗಳಲ್ಲಿ ಪ್ರತಿ 1,000 ಅಡಿಗೆ ಸುಮಾರು 1 ಇಂಚು ಕಡಿಮೆ ಓದುತ್ತದೆ, ಅದು ದೋಷವಲ್ಲ. ಮುಳ್ಳು ಸ್ಥಿರವಾಗಿ ಕೆಳಗೆ ನಿಂತಿದ್ದರೆ ಏರ್ ಲೀಕ್ ಅಥವಾ ತಡವಾದ ಟೈಮಿಂಗ್. ಒಂದೇ ತಾಳದಲ್ಲಿ ಪದೇ ಪದೇ ಕೆಳಗೆ ಜಿಗಿದರೆ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ಇಲ್ಲವೇ ಒಂದು ಸಿಲಿಂಡರ್ ಮಿಸ್ ಆಗುತ್ತಿದೆ.

ಲೀಕ್ ಹುಡುಕಲು ಬಿಸಿ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆಯುವವರಿದ್ದಾರೆ. ಹತ್ತಿರದಲ್ಲೇ ಕಿಡಿ ಸೋರುವ ವೈರ್ ಇರಬಹುದಾದ ಹಳೆ ಗಾಡಿಯಲ್ಲಿ ನನಗೆ ಅದು ಇಷ್ಟವಿಲ್ಲ. ನೀರು ತುಂಬಿದ ಸ್ಪ್ರೇ ಬಾಟಲಿ ಸಾಕು. ಗ್ಯಾಸ್ಕೆಟ್ ಅಂಚಿಗೆ ಸ್ವಲ್ಪ ಸ್ವಲ್ಪ ಚಿಮುಕಿಸಿದಾಗ ಐಡ್ಲಿಂಗ್ ಬದಲಾದರೆ ಅಲ್ಲೇ ಲೀಕ್. ಬ್ರೇಕ್ ಬೂಸ್ಟರಿನ ದಪ್ಪ ಪೈಪನ್ನು ಒಮ್ಮೆ ಬಿಗಿಯಾಗಿ ಹಿಸುಕಿ ನೋಡಿ, ಒಳಗಿನ ಡಯಾಫ್ರಾಮ್ ಹರಿದ ಬೂಸ್ಟರ್ ದೊಡ್ಡ ಏರ್ ಲೀಕ್. ಥ್ರಾಟಲ್ ಶಾಫ್ಟ್ ತುದಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಆಟ ಇದ್ದರೆ ಬುಷ್ ಹಾಕಿಸಬೇಕು, ಬೇರೆ ದಾರಿ ಇಲ್ಲ.

ಪೆಟ್ರೋಲ್ ಯಾವ ದಾರಿಯಿಂದ ಬರುತ್ತಿದೆ

ಈಗ ಕಾರ್ಬ್ಯುರೇಟರ್. ಬಿಚ್ಚುವುದು ಆಮೇಲೆ, ಮೊದಲು ಕಣ್ಣಿನಿಂದ ನೋಡಿ. ವೆಬರ್, ಸೊಲೆಕ್ಸ್, ಜೆನಿತ್, ಹಾಲಿ, ಯಾವ ಕಂಪನಿಯದೇ ಆಗಲಿ, ಏರ್ ಫಿಲ್ಟರ್ ತೆಗೆದು ಐಡ್ಲಿಂಗಿನಲ್ಲಿ ಟಾರ್ಚ್ ಹಿಡಿದು ಬಾಯಿಯೊಳಗೆ ನೋಡಿ, ಮುಖ ಸ್ವಲ್ಪ ಪಕ್ಕಕ್ಕೆ ಇರಲಿ. ಚೋಕ್ ಪ್ಲೇಟ್ ಪೂರ್ತಿ ತೆರೆದಿದೆಯಾ? ಬಿಸಿಯಾದ ಎಂಜಿನ್‌ನಲ್ಲಿ ಅದು ನೆಟ್ಟಗೆ ನಿಂತಿರಬೇಕು. ಕೇಬಲ್ ಚೋಕ್ ಆದರೆ ನಾಬ್ ಒಳಗೆ ಹೋಗಿದ್ದರೂ ಕೇಬಲ್ ಬಿಗಿದು ಪ್ಲೇಟ್ ಅರ್ಧದಲ್ಲೇ ನಿಂತಿರಬಹುದು. ಆಟೊಮ್ಯಾಟಿಕ್ ಚೋಕ್ ಆದರೆ ಅದಕ್ಕೆ ಬಿಸಿ ಕೊಡುವ ನೀರಿನ ಪೈಪ್ ಕಟ್ಟಿಕೊಂಡಿದೆಯಾ, ಕರೆಂಟ್ ಬರುತ್ತಿದೆಯಾ ನೋಡಿ. ಜೊತೆಗೆ ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನ್ ಬಿಸಿಯಾಗದೇ ಇದ್ದರೆ ನೀರಿನ ಬಿಸಿಯಿಂದ ತೆರೆಯುವ ಚೋಕ್ ತನ್ನ ಕೆಲಸ ಮುಗಿಯಿತು ಅಂತ ಅಂದುಕೊಳ್ಳುವುದೇ ಇಲ್ಲ.

ಆಮೇಲೆ ನಡುವಿನ ಮೇನ್ ನಾಜಲ್ ನೋಡಿ. ಇದು ನನಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ. ಐಡ್ಲಿಂಗಿನಲ್ಲಿ ಅಲ್ಲಿಂದ ಒಂದು ಹನಿಯೂ ಬರಬಾರದು. ಐಡಲ್ ಪೆಟ್ರೋಲ್ ಬರುವುದು ಬೇರೆ ದಾರಿಯಲ್ಲಿ, ಬಟರ್‌ಫ್ಲೈ ಪ್ಲೇಟಿನ ಕೆಳಗಿನ ಸಣ್ಣ ತೂತಿನಿಂದ. ಮೇನ್ ನಾಜಲ್ ತೊಟ್ಟಿಕ್ಕುತ್ತಿದ್ದರೆ ಫ್ಲೋಟ್ ಚೇಂಬರಿನಲ್ಲಿ (ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಸಣ್ಣ ತೊಟ್ಟಿ) ಪೆಟ್ರೋಲ್ ಮಟ್ಟ ಜಾಸ್ತಿಯಾಗಿ ಅದು ತಾನಾಗಿ ಉಕ್ಕಿ ಬರುತ್ತಿದೆ ಅಂತ ಅರ್ಥ. ಅಂಥ ಗಾಡಿಯ ಮಿಕ್ಸ್ಚರ್ ಸ್ಕ್ರೂ ನೀವು ದಿನವಿಡೀ ತಿರುಗಿಸಿದರೂ ಏನೂ ಆಗುವುದಿಲ್ಲ.

ಖಚಿತ ಮಾಡಿಕೊಳ್ಳಲು ಇನ್ನೊಂದು ಪರೀಕ್ಷೆ. ಕಾರ್ಬ್ಯುರೇಟರಿಗೆ ಬರುವ ರಬ್ಬರ್ ಪೆಟ್ರೋಲ್ ಪೈಪನ್ನು ಗಾಯವಾಗದಂತೆ ಮೆತ್ತಗಿನ ಕ್ಲ್ಯಾಂಪಿನಿಂದ ಹಿಸುಕಿ ಮುಚ್ಚಿ, ಎಂಜಿನ್ ಐಡ್ಲಿಂಗಿನಲ್ಲೇ ಓಡಲಿ. ಚೇಂಬರಿನ ಮಟ್ಟ ಇಳಿಯುತ್ತಾ ಹೋದಂತೆ ಸದ್ದು ಕೇಳಿ. ಆರ್‌ಪಿಎಂ ಏರಿ, ನಡುಕ ನಿಂತು, ಸ್ವಲ್ಪ ಹೊತ್ತು ಸೊಗಸಾಗಿ ಓಡಿ ಆಮೇಲೆ ಪೆಟ್ರೋಲ್ ಸಾಲದೆ ನಿಂತರೆ, ದೋಷ ಫ್ಲೋಟ್ (ಚೇಂಬರಿನಲ್ಲಿ ತೇಲುವ ತುಂಡು), ಅದು ಏರಿದಾಗ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್, ಪಂಪ್ ಒತ್ತಡ, ಈ ಮೂರರಲ್ಲೇ ಇದೆ.

ಪಂಪ್ ಒತ್ತಡವನ್ನು ಜನ ನೋಡುವುದೇ ಇಲ್ಲ. ಬಹುಪಾಲು ಹಳೆ ಯುರೋಪಿಯನ್ ಕಾರ್ಬ್ಯುರೇಟರುಗಳಿಗೆ 2ರಿಂದ 4 ಪಿಎಸ್‌ಐ ಸಾಕು. ಹಾಲಿ ತರಹದವು 5ರಿಂದ 7ರವರೆಗೆ ತಡೆದುಕೊಳ್ಳುತ್ತವೆ. ಹಳೆ ಮೆಕ್ಯಾನಿಕಲ್ ಪಂಪ್ ಹೋಯಿತು ಅಂತ ಸಿಕ್ಕಿದ ಎಲೆಕ್ಟ್ರಿಕ್ ಪಂಪ್ ಹಾಕಿದ ದಿನದಿಂದಲೇ ಗಾಡಿ ರಿಚ್ ಆದ ಉದಾಹರಣೆಗಳು ಬೇಕಾದಷ್ಟಿವೆ. ನಾನು ನೋಡಿದ ಒಂದು ವೆಬರ್ ಗಾಡಿಗೆ ಜೆಟ್, ಫ್ಲೋಟ್, ಗ್ಯಾಸ್ಕೆಟ್ ಎಲ್ಲ ಹೊಸದು ಹಾಕಿದ್ದರು, ಆದರೂ ಕಪ್ಪು ಹೊಗೆ ನಿಂತಿರಲಿಲ್ಲ. ಹೊಸ ಪಂಪ್ ನೀಡಲ್ ವಾಲ್ವನ್ನು ತಳ್ಳಿಕೊಂಡು ಪೆಟ್ರೋಲ್ ನುಗ್ಗಿಸುತ್ತಿತ್ತು. ಒತ್ತಡ ಇಳಿಸುವ ರೆಗ್ಯುಲೇಟರ್ ಹಾಕಿ, ಗೇಜ್ ನೋಡಿಕೊಂಡು ಸೆಟ್ ಮಾಡಿದ ಮೇಲೆ ಬೇರೆ ಯಾವುದನ್ನೂ ಮುಟ್ಟದೆ ಅದು ಸರಿಹೋಯಿತು.

ಒತ್ತಡ ಸರಿ ಇದ್ದರೆ ಚೇಂಬರ್ ತೆರೆಯಿರಿ. ನೀಡಲ್ ವಾಲ್ವಿನ ತುದಿಯಲ್ಲಿ ಉಂಗುರದ ಹಾಗೆ ಸವೆದ ಗೆರೆ ಇದ್ದರೆ ಅದು ಪೂರ್ತಿ ಮುಚ್ಚುವುದಿಲ್ಲ. ಒಂದು ಕಸದ ಕಣ ಸಿಕ್ಕಿಕೊಂಡರೂ ಸಾಕು, ಹಳೆ ಟ್ಯಾಂಕಿನ ತುಕ್ಕು ಇಲ್ಲಿಯವರೆಗೆ ಬರುತ್ತದೆ. ಹಿತ್ತಾಳೆಯ ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ಬೆಸುಗೆ ಬಿಟ್ಟಿದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುವ ಜಾಗವೇ ತೂತು. ಕಪ್ಪು ಫೋಮಿನಂಥ ಫ್ಲೋಟ್ ಆದರೆ ಅದು ವರ್ಷಗಳು ಕಳೆದಂತೆ ಪೆಟ್ರೋಲ್ ಹೀರಿ ಭಾರವಾಗುತ್ತದೆ. ನೋಡಲು ಹೊಸದರ ಹಾಗೇ ಇರುತ್ತದೆ, ತೂಕ ಮಾಡಿದರೆ ಮಾತ್ರ ಗೊತ್ತಾಗುವುದು. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೆ ಕಾಲದ ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ. ಆದ್ದರಿಂದ ರಿಪೇರಿ ಕಿಟ್ ತರುವಾಗ ಎಥನಾಲ್ ತಡೆಯುವ ರಬ್ಬರ್ ಇರುವುದನ್ನೇ ಕೇಳಿ ತನ್ನಿ. ಫ್ಲೋಟ್ ಎತ್ತರವನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ, ಪುಸ್ತಕದ ಅಳತೆಗೆ ಸೆಟ್ ಮಾಡಿ.

ನಾಜಲ್ ತೊಟ್ಟಿಕ್ಕುತ್ತಿಲ್ಲ, ಆದರೂ ರಿಚ್. ಆಗ ಮಿಕ್ಸ್ಚರ್ ಸ್ಕ್ರೂ ಈಗ ಎಷ್ಟು ಸುತ್ತಿನಲ್ಲಿದೆ ಅಂತ ಎಣಿಸಿ ಬರೆದಿಟ್ಟುಕೊಂಡು, ಅದನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ. ಬಿಗಿಯಬೇಡಿ, ತುದಿ ಹಾಳಾಗುತ್ತದೆ. ಐಡಲ್ ಪೆಟ್ರೋಲನ್ನು ಹಿಡಿತದಲ್ಲಿಡುವ ಸ್ಕ್ರೂ ಆಗಿದ್ದರೆ ಎಂಜಿನ್ ಸಾಯಬೇಕು. ಕೆಲವು ಕಾರ್ಬ್ಯುರೇಟರುಗಳಲ್ಲಿ ಆ ಸ್ಕ್ರೂ ಗಾಳಿಯನ್ನು ಹಿಡಿತದಲ್ಲಿಡುತ್ತದೆ, ಒಳಗೆ ತಿರುಗಿಸಿದರೆ ರಿಚ್ ಆಗುತ್ತದೆ, ನಿಮ್ಮದು ಯಾವುದು ಅಂತ ಮೊದಲೇ ತಿಳಿದುಕೊಳ್ಳಿ. ಪೆಟ್ರೋಲ್ ಸ್ಕ್ರೂ ಪೂರ್ತಿ ಮುಚ್ಚಿಯೂ ಎಂಜಿನ್ ಸಾಯದೆ ಓಡುತ್ತಿದ್ದರೆ ಪೆಟ್ರೋಲ್ ಬೇರೆ ದಾರಿ ಹಿಡಿದಿದೆ.

ಆ ಬೇರೆ ದಾರಿ ಬಹಳ ಸಲ ಇದು. ಬಟರ್‌ಫ್ಲೈ ಪ್ಲೇಟಿನ ಅಂಚಿಗೆ ಹೊಂದಿಕೊಂಡಂತೆ ಕಾರ್ಬ್ಯುರೇಟರಿನ ಗೋಡೆಯಲ್ಲಿ ಕೆಲವು ಸಣ್ಣ ತೂತುಗಳಿರುತ್ತವೆ, ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗ ಐಡಲ್‌ನಿಂದ ಮೇನ್ ಜೆಟ್‌ಗೆ ಹೋಗುವ ನಡುವಿನ ಅವಧಿಗೆ ಪೆಟ್ರೋಲ್ ಕೊಡಲು ಮಾಡಿದ ಪ್ರೋಗ್ರೆಷನ್ ತೂತುಗಳು ಅವು. ಐಡ್ಲಿಂಗಿನಲ್ಲಿ ಅವು ಪ್ಲೇಟಿನ ಮೇಲ್ಗಡೆ, ಅಂದರೆ ಎಂಜಿನ್ ಎಳೆತ ತಲುಪದ ಕಡೆ ಇರಬೇಕು. ಈಗ ಟೈಮಿಂಗ್ ತಡವಾಗಿದೆ ಅಂದುಕೊಳ್ಳಿ. ಎಂಜಿನ್ ಬಲ ಕಡಿಮೆಯಾಗಿ ಆರ್‌ಪಿಎಂ ಬೀಳುತ್ತದೆ. ನಿಂತುಹೋಗದಿರಲಿ ಅಂತ ಐಡಲ್ ಸ್ಪೀಡ್ ಸ್ಕ್ರೂ ತಿರುಗಿಸುತ್ತೀರಿ. ಪ್ಲೇಟ್ ತೆರೆದುಕೊಳ್ಳುತ್ತದೆ, ಆ ತೂತುಗಳು ಎಳೆತಕ್ಕೆ ಸಿಕ್ಕಿ ಪೆಟ್ರೋಲ್ ಸುರಿಸುತ್ತವೆ, ಮಿಕ್ಸ್ಚರ್ ಸ್ಕ್ರೂ ಮಾತು ಕೇಳುವುದನ್ನು ನಿಲ್ಲಿಸುತ್ತದೆ, ಹೊಗೆ ಕಪ್ಪಗಾಗುತ್ತದೆ. ಕಾರ್ಬ್ಯುರೇಟರ್ ಕೆಟ್ಟಿದೆ ಅಂತ ಎಲ್ಲರೂ ಹೇಳುತ್ತಾರೆ. ಕೆಟ್ಟಿದ್ದು ಟೈಮಿಂಗ್. ಅದನ್ನು ಸರಿಮಾಡಿ, ಸ್ಪೀಡ್ ಸ್ಕ್ರೂ ಹಿಂದಕ್ಕೆ ತಂದರೆ ಮಿಕ್ಸ್ಚರ್ ಸ್ಕ್ರೂಗೆ ಮತ್ತೆ ಜೀವ ಬರುತ್ತದೆ. ಕಿಡಿಯನ್ನು ಮೊದಲು ನೋಡಿ ಅಂತ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಹಾಲಿ ಕಂಪನಿಯ ಕಾರ್ಬ್ಯುರೇಟರ್ ಇರುವವರು ಎಂಜಿನ್ ಮೇಲೆ ಭಾರ ಬಿದ್ದಾಗ ಹೆಚ್ಚಿನ ಪೆಟ್ರೋಲ್ ಕೊಡುವ ಪವರ್ ವಾಲ್ವ್ ಕೂಡ ನೋಡಬೇಕು. ಕಾರ್ಬ್ಯುರೇಟರಿನೊಳಗೆ ಒಮ್ಮೆ ಜೋರಾಗಿ ಬ್ಯಾಕ್‌ಫೈರ್ ಆದರೆ ಅದರ ತೆಳು ಡಯಾಫ್ರಾಮ್ ಹರಿಯಬಹುದು, ಆಮೇಲೆ ಐಡ್ಲಿಂಗಿನಲ್ಲೂ ಪೆಟ್ರೋಲ್ ಒಳಗೆ ಸೋರುತ್ತಲೇ ಇರುತ್ತದೆ.

ಏರ್ ಫಿಲ್ಟರ್ ಕಟ್ಟಿಕೊಂಡರೆ ರಿಚ್ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ನಿಜ. ಫ್ಲೋಟ್ ಚೇಂಬರಿನ ಉಸಿರುದಾರಿ ಹೊರಗಿನ ಗಾಳಿಗೆ ತೆರೆದಿರುವ ಕಾರ್ಬ್ಯುರೇಟರುಗಳಲ್ಲಿ ಹಾಗಾಗುತ್ತದೆ. ಉಸಿರುದಾರಿ ಫಿಲ್ಟರಿನ ಒಳಗಡೆಗೇ ತೆರೆಯುವಂತಿದ್ದರೆ ಅಷ್ಟಾಗಿ ಆಗುವುದಿಲ್ಲ, ಎಂಜಿನ್ ಬಲ ಮಾತ್ರ ಕುಗ್ಗುತ್ತದೆ.

ಎಸ್‌ಯು ಇದ್ದರೆ

ಎಸ್‌ಯು ಕಾರ್ಬ್ಯುರೇಟರಿನ ಗುಣವೇ ಬೇರೆ. ಇದರಲ್ಲಿ ಬೇರೆ ಐಡಲ್ ಜೆಟ್ ಇಲ್ಲ. ಕಾರ್ಬ್ಯುರೇಟರಿನದೇ ಒಂದು ಪಿಸ್ಟನ್‌ಗೆ ಸಿಕ್ಕಿಸಿದ ಚೂಪು ನೀಡಲ್ ಜೆಟ್ಟಿನೊಳಗೆ ಮೇಲೆ ಕೆಳಗೆ ಆಡುತ್ತಾ ಪೆಟ್ರೋಲ್ ಅಳೆಯುತ್ತದೆ. ಪರೀಕ್ಷೆಯೂ ಸುಲಭ. ಪಕ್ಕದ ಪಿನ್ ಒತ್ತಿ ಪಿಸ್ಟನ್ನನ್ನು 1 ಮಿ.ಮೀ.ಗಿಂತ ಸ್ವಲ್ಪ ಕಡಿಮೆಯಷ್ಟೇ ಎತ್ತಿ. ಆರ್‌ಪಿಎಂ ಏರಿ ಏರಿದಲ್ಲೇ ನಿಂತರೆ ರಿಚ್. ಒಂದು ಕ್ಷಣ ಏರಿ ಮತ್ತೆ ಮೊದಲಿನ ಜಾಗಕ್ಕೆ ಬಂದರೆ ಸರಿ. ಬಿದ್ದುಹೋದರೆ ಲೀನ್.

ರಿಚ್ ಬಂದರೆ ಮೊದಲು ಚೋಕ್ ನೋಡಿ. ಹಳೆ ಎಚ್ ಮತ್ತು ಎಚ್‌ಎಸ್ ಮಾದರಿಗಳಲ್ಲಿ ಚೋಕ್ ಎಳೆದಾಗ ಜೆಟ್ಟೇ ಕೆಳಗೆ ಇಳಿಯುತ್ತದೆ. ಬಿಟ್ಟಾಗ ಅದು ಮೇಲೆ ಬಂದು ಅಡ್ಜಸ್ಟಿಂಗ್ ನಟ್‌ಗೆ ತಾಗಬೇಕು. ಅಂಟಿಕೊಂಡು ಕೆಳಗೇ ಉಳಿದರೆ ಚೋಕ್ ಹಾಕಿಯೇ ಓಡಿಸಿದ ಹಾಗೆ. ಬೆರಳಿನಿಂದ ಮೇಲಕ್ಕೆ ಒತ್ತಿದಾಗ ಐಡ್ಲಿಂಗ್ ಸುಧಾರಿಸಿದರೆ ಉತ್ತರ ಸಿಕ್ಕಿತು. ಪಿಸ್ಟನ್ನನ್ನು ಪೂರ್ತಿ ಎತ್ತಿ ಬಿಟ್ಟರೆ ಸ್ಪಷ್ಟವಾಗಿ ಟಕ್ ಅಂತ ಕೂರಬೇಕು. ಕೂರದಿದ್ದರೆ ಜೆಟ್ ನಡುವಿನಲ್ಲಿಲ್ಲ ಅಥವಾ ಡ್ಯಾಶ್‌ಪಾಟ್ (ಆ ಪಿಸ್ಟನ್ ಆಡುವ ಮೇಲಿನ ಡಬ್ಬಿ) ಕೊಳೆಯಾಗಿದೆ. ವರ್ಷಗಟ್ಟಲೆ ಓಡಿದ ಗಾಡಿಯಲ್ಲಿ ನೀಡಲ್ ಉಜ್ಜಿ ಉಜ್ಜಿ ಜೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ನಟ್ ಪೂರ್ತಿ ಮೇಲಕ್ಕೆ ತಂದರೂ ರಿಚ್ ಹೋಗದಿದ್ದರೆ ಇದೇ ಇರಬೇಕು. ನೀಡಲ್, ಜೆಟ್ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದನ್ನೇ ಬದಲಿಸಬೇಡಿ. ಡ್ಯಾಶ್‌ಪಾಟಿನ ಆಯಿಲ್ ಆಕ್ಸಿಲರೇಟರ್ ಒತ್ತಿದಾಗಿನ ಓಟಕ್ಕೆ ಮುಖ್ಯ, ಸಮ ಐಡ್ಲಿಂಗಿಗೆ ಅದರಿಂದ ವ್ಯತ್ಯಾಸವಿಲ್ಲ.

ಆಯಿಲಿನಲ್ಲಿ ಸೇರಿದ ಪೆಟ್ರೋಲ್

ಡಿಪ್‌ಸ್ಟಿಕ್ ತೆಗೆದು ಮೂಸಿ. ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ತೆಳ್ಳಗಾಗಿ ಪೆಟ್ರೋಲ್ ವಾಸನೆ ಬಂದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಪೆಟ್ರೋಲ್ ಸೇರಿದ ಆಯಿಲ್ ಬೇರಿಂಗ್ ಉಳಿಸುವುದಿಲ್ಲ. ಅದರ ಜೊತೆ ಇನ್ನೊಂದು ಸೂಕ್ಷ್ಮ ಇದೆ. ಎಂಜಿನ್ ಬಿಸಿಯಾದಾಗ ಆ ಪೆಟ್ರೋಲ್ ಆವಿಯಾಗಿ ಬ್ರೀದರ್ ಪೈಪಿನ (ಎಂಜಿನ್ ಒಳಗಿನ ಆವಿ ಹೊರಬಿಡುವ ಪೈಪ್) ಮೂಲಕ ಮತ್ತೆ ಕಾರ್ಬ್ಯುರೇಟರಿಗೇ ಬರುತ್ತದೆ. ಹಾಗಾಗಿ ಮೂಲ ದೋಷ ಸರಿಹೋದ ಮೇಲೂ ಐಡ್ಲಿಂಗ್ ರಿಚ್ ಆಗಿಯೇ ಇರುತ್ತದೆ. ಬ್ರೀದರ್ ಪೈಪನ್ನು ಕಳಚಿ, ಮ್ಯಾನಿಫೋಲ್ಡ್ ಅಥವಾ ಕಾರ್ಬ್ಯುರೇಟರ್ ಕಡೆಯ ಬಾಯಿ ಮುಚ್ಚಿ ನೋಡಿ. ಐಡ್ಲಿಂಗ್ ತಕ್ಷಣ ಸುಧಾರಿಸಿದರೆ ಆಯಿಲ್ ಬದಲಿಸಿ.

ಆಯಿಲಿಗೆ ಪೆಟ್ರೋಲ್ ಕಾರ್ಬ್ಯುರೇಟರಿನಿಂದಲೇ ಬರಬೇಕು ಅಂತಿಲ್ಲ. ಎಂಜಿನ್ ಬದಿಗೆ ಕೂತ ಮೆಕ್ಯಾನಿಕಲ್ ಪಂಪಿನ ಡಯಾಫ್ರಾಮ್ ಹರಿದರೆ ಪೆಟ್ರೋಲ್ ನೇರವಾಗಿ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ ಇಳಿಯಬಹುದು.

ಬಿಸಿಯಾದಾಗ ಮಾತ್ರ, ಬೆಟ್ಟ ಹತ್ತಿದಾಗ ಮಾತ್ರ

ಓಡಿಸಿ ಬಂದು ನಿಲ್ಲಿಸಿ, ಸ್ವಲ್ಪ ಹೊತ್ತಿಗೆ ಸ್ಟಾರ್ಟ್ ಮಾಡಿದರೆ ಕಪ್ಪು ಹೊಗೆ, ಒಂದೆರಡು ನಿಮಿಷದಲ್ಲಿ ಸರಿ. ಇದು ಎಂಜಿನ್ ಕಾವಿಗೆ ಚೇಂಬರಿನ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ಉಕ್ಕಿದ್ದು. ಕಾರ್ಬ್ಯುರೇಟರ್ ಬುಡದ ಶಾಖ ತಡೆಯುವ ಸ್ಪೇಸರ್, ತಗಡಿನ ಹೀಟ್ ಶೀಲ್ಡ್ ಇದ್ದಲ್ಲೇ ಇವೆಯಾ ನೋಡಿ, ಎಷ್ಟೋ ಗಾಡಿಗಳಲ್ಲಿ ಯಾವುದೋ ರಿಪೇರಿಯಲ್ಲಿ ತೆಗೆದದ್ದು ವಾಪಸ್ ಬಂದಿರುವುದಿಲ್ಲ. ಎತ್ತರದ ಜಾಗದಲ್ಲಿ ಗಾಳಿ ತೆಳುವಾದ್ದರಿಂದ ಸಮುದ್ರಮಟ್ಟದಲ್ಲಿ ಸೆಟ್ ಮಾಡಿದ ಯಾವ ಕಾರ್ಬ್ಯುರೇಟರೂ ರಿಚ್ ಆಗುತ್ತದೆ. ಅದಕ್ಕೆ ದೋಷ ಹುಡುಕಬೇಡಿ.

ಹಳೆ ಇಂಜೆಕ್ಷನ್ ಗಾಡಿಗಳು

ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆಗಳಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ 1967ರಲ್ಲಿ ಬಂತು, ಕೆ ಮತ್ತು ಎಲ್-ಜೆಟ್ರಾನಿಕ್ 1970ರ ದಶಕದಲ್ಲಿ. ಡಿ ಮತ್ತು ಎಲ್‌ನಲ್ಲಿ ಮೊದಲು ನೋಡಬೇಕಾದ್ದು ನೀರಿನ ಟೆಂಪರೇಚರ್ ಸೆನ್ಸರ್. ಸಾಮಾನ್ಯವಾಗಿ ಅದು 20 ಡಿಗ್ರಿಯಲ್ಲಿ ಸುಮಾರು 2,500 ಓಮ್ಸ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ಸ್ ತೋರಿಸುತ್ತದೆ. ವೈರ್ ತುಂಡಾದರೆ ಅಥವಾ ಕನೆಕ್ಟರ್ ತುಕ್ಕು ಹಿಡಿದರೆ ಎಂಜಿನ್ ಕೊರೆಯುವ ಚಳಿಯಲ್ಲಿದೆ ಅಂತ ಕಂಪ್ಯೂಟರ್ ತಿಳಿದು ಪೆಟ್ರೋಲ್ ಸುರಿಯುತ್ತದೆ. ಡಿ-ಜೆಟ್ರಾನಿಕ್‌ನಲ್ಲಿ ಮ್ಯಾನಿಫೋಲ್ಡ್ ಪ್ರೆಷರ್ ಸೆನ್ಸರಿನ ಡಯಾಫ್ರಾಮ್ ಬಿರುಕು ಬಿಟ್ಟರೂ ಹೀಗೇ ಆಗುತ್ತದೆ, ವ್ಯಾಕ್ಯೂಮ್ ಕೊಟ್ಟು ಅದು ಹಿಡಿದು ನಿಲ್ಲುತ್ತದೆಯಾ ನೋಡಿ. ಕೆ-ಜೆಟ್ರಾನಿಕ್‌ನಲ್ಲಿ ಕಂಟ್ರೋಲ್ ಪ್ರೆಷರ್ ಕಡಿಮೆಯಾದರೆ ರಿಚ್. ಗೇಜ್ ಹಾಕಿ, ಆ ಒತ್ತಡವನ್ನು ಹಿಡಿತದಲ್ಲಿಡುವ ವಾರ್ಮ್-ಅಪ್ ರೆಗ್ಯುಲೇಟರ್ ಪರೀಕ್ಷಿಸದೆ ಅಲೆನ್ ಕೀ ಹಾಕಿ ಮಿಕ್ಸ್ಚರ್ ಮುಟ್ಟಬೇಡಿ. ಮೂರರಲ್ಲೂ ಕೋಲ್ಡ್ ಸ್ಟಾರ್ಟ್ ವಾಲ್ವ್ ಸೋರುತ್ತಿರಬಹುದು. ಪ್ರೆಷರ್ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪ್ ಇದ್ದರೆ ಅದನ್ನು ಎಳೆದು ನೋಡಿ, ಒಳಗೆ ಪೆಟ್ರೋಲ್ ತೇವ ಇದ್ದರೆ ರೆಗ್ಯುಲೇಟರ್ ಹೋಗಿದೆ.

ಈಗ ಸ್ಕ್ರೂ ಮುಟ್ಟಬಹುದು

ಮಸಿ ಹಿಡಿದ ಪ್ಲಗ್‌ಗಳನ್ನು ಮೊದಲು ಬದಲಿಸಿ. ಇಷ್ಟೆಲ್ಲ ಸರಿಮಾಡಿ ಹಳೆ ಪ್ಲಗ್ಗೇ ಹಾಕಿದರೆ ಮಸಿಯ ಮೂಲಕ ಕಿಡಿ ಸೋರಿ ಮಿಸ್ ಹಾಗೇ ಉಳಿಯುತ್ತದೆ, ಮಾಡಿದ ರಿಪೇರಿಯ ಮೇಲೆ ಸುಮ್ನೆ ಅನುಮಾನ ಬರುತ್ತದೆ. ಎಂಜಿನ್ ಪೂರ್ತಿ ಬಿಸಿ ಇರಲಿ, ಚೋಕ್ ಪೂರ್ತಿ ತೆರೆದಿರಲಿ. ಪೆಟ್ರೋಲ್ ಸ್ಕ್ರೂ ಇರುವ ಕಾರ್ಬ್ಯುರೇಟರ್ ಆದರೆ ಮೆಲ್ಲಗೆ ಮುಚ್ಚಿ, ಒಂದೂವರೆ ಸುತ್ತು ಹೊರಗೆ ತಂದು ಶುರು ಮಾಡಿ. ಆರ್‌ಪಿಎಂ ಅತಿ ಹೆಚ್ಚಾಗುವವರೆಗೆ ಹೊರಗೆ ತಿರುಗಿಸಿ, ಅಲ್ಲಿಂದ ಆರ್‌ಪಿಎಂ ಬೀಳಲು ಶುರುವಾಗುವ ಅಂಚಿನವರೆಗೆ ಮಾತ್ರ ಒಳಗೆ ತನ್ನಿ. ಸ್ಪೀಡ್ ಸ್ಕ್ರೂನಿಂದ ಐಡಲ್ ಇಳಿಸಿ, ಮತ್ತೆ ಮಿಕ್ಸ್ಚರ್ ನೋಡಿ. ಒಂದು ಬದಲಾದರೆ ಇನ್ನೊಂದೂ ಬದಲಾಗುವುದರಿಂದ ಎರಡೂ ನಿಲ್ಲುವವರೆಗೆ ಹಿಂದೆ ಮುಂದೆ ಹೋಗಬೇಕು. ಪ್ರತಿ ಸಲ ತಿರುಗಿಸಿದ ಮೇಲೆ ಎಂಜಿನ್‌ಗೆ ಸ್ವಲ್ಪ ಹೊತ್ತು ಕೊಡಿ, ಮಧ್ಯೆ ಒಮ್ಮೆ ಆಕ್ಸಿಲರೇಟರ್ ಒತ್ತಿ ಮ್ಯಾನಿಫೋಲ್ಡಿನಲ್ಲಿ ನಿಂತ ಪೆಟ್ರೋಲ್ ಹೊರಹಾಕಿ. ಎಕ್ಸಾಸ್ಟ್ ಅಳೆಯುವ ಯಂತ್ರ ಸಿಕ್ಕರೆ ಹಳೆ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಐಡ್ಲಿಂಗಿಗೆ ಸಿಒ (ಕಾರ್ಬನ್ ಮಾನಾಕ್ಸೈಡ್) ಸುಮಾರು ಶೇ. 3ರ ಹತ್ತಿರ ಇದ್ದರೆ ಚೆನ್ನಾಗಿರುತ್ತದೆ, ನಿಮ್ಮ ಮಾದರಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ಎಂಜಿನ್ ಆಯಿಲ್, ಫಿಲ್ಟರ್ ಬದಲಿಸಿ. ಒಂದು ಒಳ್ಳೆಯ ಓಟ ಓಡಿಸಿ ಬಂದು ಹೊಸ ಪ್ಲಗ್‌ಗಳನ್ನು ಬಿಚ್ಚಿ ನೋಡಿ. ಸೀಸವಿಲ್ಲದ ಈಗಿನ ಪೆಟ್ರೋಲಿನಲ್ಲಿ ಹಳೆ ಪುಸ್ತಕಗಳ ಚಿತ್ರದ ಹಾಗೆ ಗಾಢ ಕಂದು ಬರುವುದಿಲ್ಲ, ತೆಳು ಬಣ್ಣ ಬಂದರೂ ಸಾಕು. ನಾಲ್ಕೂ ಒಂದೇ ತರ ಇರಬೇಕು, ಬೆರಳಿಗೆ ಮಸಿ ಹತ್ತಬಾರದು.